ಒಡೇರ ಸೀಟು

ಕಾರು ನೋಡಲು ಬಂದ ಗಿರಾಕಿ ಚಪ್ಪಲಿ ಕಳಚಿಟ್ಟು ಮಾಡಿನೊಳಗೆ ಕಾಲಿಟ್ಟದ್ದು ಭೂತಪ್ಪನಿಗೆ ಹಿಡಿಸಿತು. ಆದರೆ ಅವರು ಬಾಗಿಲು ತೆಗೆದು ಸೀಟಿನ ಮೇಲೆ ಅಂಗೈ ಊರಿದಾಗ ಅವನ ಮುಖ ಸಣ್ಣಗಾಯಿತು.

"ಇದಕ್ಕೆ ಕೂಪೆ ಅಂತ ಹೇಳುದು ಮಾರಾಯ್ರೆ," ಎಂದರು ಶೇಷಪ್ಪ ಶೆಟ್ಟರು. ಮಂಗಳೂರಿನಲ್ಲಿ ಅವರಿಗೆ ಎರಡು ಹೋಟೆಲುಗಳಿದ್ದವು. ಹಳೆಯ ಅಮೆರಿಕದ ಕಾರುಗಳೆಂದರೆ ಹುಚ್ಚು. "ಎರಡೇ ಬಾಗಿಲು. ನಲವತ್ತೇಳನೇ ಇಸವಿಯ ಷೆವರ್ಲೆ. ಇಪ್ಪತ್ತು ವರ್ಷ ಆಯ್ತು, ಸೀಟಿನ ಒಂದು ಹೊಲಿಗೆ ಬಿಟ್ಟಿಲ್ಲ. ನೀವ್ಯಾರೂ ಇದರಲ್ಲಿ ಕೂರುದಿಲ್ವಾ?"

"ಇಲ್ಲ ಸ್ವಾಮಿ," ಎಂದ ಭೂತಪ್ಪ. "ಅದು ಒಡೇರು ಕೂತಿದ್ದ ಸೀಟು."

ಶೆಟ್ಟರು ನಕ್ಕರು. ಭೂತಪ್ಪನ ಮಗ ನಿಂಗಪ್ಪ ನೆಲ ನೋಡಿದ. ಸಾಗರದ ಬಸ್ ಗ್ಯಾರೇಜಿನಲ್ಲಿ ಫಿಟ್ಟರಾಗಿದ್ದ ಅವನೇ, ಅಪ್ಪನಿಗೆ ತಿಳಿಸದೆ, ಘಟ್ಟ ಇಳಿಯುವ ಡ್ರೈವರುಗಳ ಬಾಯಲ್ಲಿ ಕಾರು ಮಾರಾಟಕ್ಕಿದೆ ಎಂಬ ಸುದ್ದಿ ಕಳಿಸಿದ್ದ.

ಕಾರು ಆ ಮನೆಗೆ ಬಂದು ಮೂರು ವರ್ಷವಾಗಿತ್ತು. ಶರಾವತಿ ದಂಡೆಯ ಊರಿನಲ್ಲಿ ಭೂತಪ್ಪ ಹೇರಂಬ ಹೆಗಡೆಯವರ ಗೇಣಿದಾರ. ಲಿಂಗನಮಕ್ಕಿ ಅಣೆಕಟ್ಟಿನ ನೀರು ಏರಿ ಬರುವುದು ಖಚಿತವಾದಾಗ ಹೆಗಡೆಯವರು ಪರಿಹಾರ ಪಡೆದು ತೀರ್ಥಹಳ್ಳಿಯಾಚೆ ಮೇಳಿಗೆಯಲ್ಲಿ ಮನೆ ಮಾಡಿದರು. ಊರು ಬಿಡುವ ದಿನ ಭೂತಪ್ಪನನ್ನು ಕರೆದು ವೀಳ್ಯದೆಲೆಯ ಮೇಲೆ ಕಾರಿನ ಕೀಲಿಕೈ ಇಟ್ಟು ಕೊಟ್ಟರು. "ಗೇಣಿ ಮಾಡ್ತಿದ್ದೆ ಅಂತ ಒಡೇರ ಹತ್ರ ಒಂದು ಚೀಟಿ ಬರೆಸ್ಕೋ, ಸರ್ಕಾರದೋರು ಬೇರೆ ಕಡೆ ಜಮೀನು ಕೊಡ್ತಾರೆ" ಎಂದು ಉಳಿದ ಗೇಣಿದಾರರು ಹೇಳಿಕೊಟ್ಟಿದ್ದರು. ಆದರೆ ವೀಳ್ಯವನ್ನು ಎರಡು ಕೈಯಲ್ಲಿ ತೆಗೆದುಕೊಂಡ ಮೇಲೆ ಮತ್ತೊಂದನ್ನು ಕೇಳುವ ಪದ್ಧತಿ ಇರಲಿಲ್ಲ. ಭೂತಪ್ಪ ಕೇಳಲಿಲ್ಲ. ಚೀಟಿ ಬರೆಸಿಕೊಂಡವರು ಈಗ ಹೊಸನಗರದ ಕಡೆ ಗದ್ದೆ ನೆಡುತ್ತಿದ್ದರು. ಅವನು ಸಾಗರದ ಅಂಚಿನ ಓಣಿಯಲ್ಲಿ ಕೂಲಿಗೆ ಹೋಗುತ್ತಿದ್ದ.

ಮನೆಗೆ ಸೋಗೆ ಹೊದಿಕೆ. ಕಾರಿನ ಮಾಡಿಗೆ ಹಂಚು. ಸೊಸೆ ಬೆಳ್ಳಮ್ಮ ಇದನ್ನು ವಾರಕ್ಕೊಮ್ಮೆಯಾದರೂ ಆಡಿ ತೋರಿಸುತ್ತಿದ್ದಳು. ಭೂತಪ್ಪ ದಿನಾ ಬೆಳಗ್ಗೆ ಹಳೆಯ ಪಂಚೆಯಿಂದ ಕಾರು ಒರೆಸುತ್ತಿದ್ದ, ಸೀಟಿನ ತೊಗಲಿಗೆ ಕೊಬ್ಬರಿ ಎಣ್ಣೆ ಹಚ್ಚುತ್ತಿದ್ದ. ಚಕ್ರಗಳು ನೆಲಕ್ಕೆ ತಾಗದಂತೆ ಕೆಳಗೆ ನಾಲ್ಕು ಮರದ ದಿಮ್ಮಿ ಕೊಟ್ಟಿದ್ದ. ಸೋಮವಾರ ಇಂಜಿನ್ ಚಾಲೂ ಮಾಡುವಾಗ ನಿಂಗಪ್ಪ ಕೂಡ ಸೀಟಿನ ಮೇಲೆ ಕೂರುವಂತಿರಲಿಲ್ಲ. ಹೊರಗೆ ನಿಂತು ಒಂದು ಕಾಲು ಒಳಗಿಟ್ಟು ಪೆಡಲು ಒತ್ತಬೇಕಿತ್ತು.

"ನಾನು ತಗೊಳ್ತೇನೆ," ಎಂದರು ಶೆಟ್ಟರು. "ಆದ್ರೆ ಆರ್‌.ಸಿ. ಬುಕ್ಕಿನಲ್ಲಿ ಹೆಗಡೇರ ಹೆಸರುಂಟು. ಅವರ ಸಹಿ ಬೇಕು. ತಿಂಗಳು ಬಿಟ್ಟು ಬರ್ತೇನೆ, ಅಷ್ಟರಲ್ಲಿ ಮಾಡಿಸಿ ಇಡಿ."

ಜಗಲಿಯ ಕಂಬಕ್ಕೆ ಒರಗಿ ಭೂತಪ್ಪನ ಹೆಂಡತಿ ಹೂವಮ್ಮ ಇದನ್ನೆಲ್ಲ ಕೇಳುತ್ತಿದ್ದಳು. ದೀಪಾವಳಿಯಲ್ಲಿ ಬಾವಿಕಟ್ಟೆಯ ಹತ್ತಿರ ಜಾರಿ ಬಿದ್ದು ಸೊಂಟ ಮುರಿದುಕೊಂಡವಳು. ಕೋಲು ಹಿಡಿದು ನಾಲ್ಕು ಹೆಜ್ಜೆ ಇಡುತ್ತಿದ್ದಳು, ಒರಗಲು ಏನಾದರೂ ಇದ್ದರೆ ಕೂರುತ್ತಿದ್ದಳು. ಬಸ್ಸಿನ ಮೆಟ್ಟಿಲು ಹತ್ತುವ ಮಾತೇ ಇರಲಿಲ್ಲ.

ಶೆಟ್ಟರು ಹೋದ ಮೇಲೆ ಭೂತಪ್ಪ ಅವರು ಅಂಗೈ ಊರಿದ್ದ ಜಾಗವನ್ನು ಮತ್ತೊಮ್ಮೆ ಒರೆಸಿದ.

ಗುರುವಾರ ಹೊಸನಗರದ ಮೇಲೆ ಹುಲಿಕಲ್ಲಿಗೆ ಹೋಗುವ ಬಸ್ಸಿನ ಕಂಡಕ್ಟರ್ ಜಟ್ಟಪ್ಪ ಓಣಿಯ ಬಾಯಲ್ಲೇ ಕೂಗಿ ಹೇಳಿದ. ಹುಲಿಕಲ್ಲಿನಲ್ಲಿ ಮಗಳು ದುಗ್ಗಮ್ಮನಿಗೆ ಹೆಣ್ಣು ಮಗು, ಇಬ್ಬರೂ ಕ್ಷೇಮ.

ಚೊಚ್ಚಲ ಹೆರಿಗೆ. ತವರಿನಲ್ಲಿ ಆಗಬೇಕಿತ್ತು. ಹೂವಮ್ಮ ಸೊಂಟ ಮುರಿದುಕೊಂಡಿದ್ದರಿಂದ ದುಗ್ಗಮ್ಮ ಗಂಡನ ಮನೆಯಲ್ಲೇ ಉಳಿದಿದ್ದಳು. ಆ ಮನೆಯಲ್ಲಿ ಅತ್ತೆ ಇಲ್ಲ. ನೀರು ಹಾಕುವವರು ಯಾರೋ, ಪಥ್ಯ ಮಾಡಿ ಬಡಿಸುವವರು ಯಾರೋ.

ರಾತ್ರಿ ಊಟಕ್ಕೆ ಕೂತಾಗ ಹೂವಮ್ಮ ತಟ್ಟೆ ಮುಟ್ಟಲಿಲ್ಲ.

"ಅತ್ತೆ, ಉಣ್ಣಿ," ಎಂದಳು ಬೆಳ್ಳಮ್ಮ. "ಹುರುಳಿ ಸಾರು ಮಾಡೀನಿ."

"ನನ್ನ ಹುಲಿಕಲ್ಲಿಗೆ ಕರ್ಕಂಡ್ ಹೋಗ್ತೀರಾ ಯಾರಾದ್ರೂ?"

ಬೆಳ್ಳಮ್ಮ ಗಂಡನ ಮುಖ ನೋಡಿದಳು. ಆಮೇಲೆ ನಿಂಗಪ್ಪ ಅಂದ: "ನಾ ಕರ್ಕಂಡ್ ಹೋಗ್ತೀನಿ ಅವ್ವ. ಈ ಭಾನುವಾರ. ಕಾರಲ್ಲಿ."

ಭೂತಪ್ಪನ ಕೈಯಲ್ಲಿದ್ದ ತುತ್ತು ತಟ್ಟೆಗೆ ಮರಳಿತು. "ಯಾವ ಕಾರಲ್ಲಿ?"

"ಮನೇಲಿ ಎಷ್ಟು ಕಾರ್ ಅದಾವೆ ಅಪ್ಪ?"

"ನಿಂಗ, ನಾಲಿಗೆ ಬಿಗಿ ಹಿಡಿ. ಒಡೇರಿಗೆ ಒಂದ್ ಮಾತು ಕೇಳ್ದೆ ಆಗಲ್ಲ."

"ಮಾರಕ್ಕೆ ಕೇಳ್ಬೇಕು, ಸರಿ. ಬುಕ್ಕು ಅವ್ರ ಹೆಸರಲ್ಲಿ ಅದೆ. ಅವ್ವನ್ನ ಕೂರ್ಸಕ್ಕೂ ಕೇಳ್ಬೇಕಾ?"

"ಕೂರ್ಸಕ್ಕೇ ಮೊದ್ಲು ಕೇಳ್ಬೇಕು."

"ಮಾವ," ಎಂದಳು ಬೆಳ್ಳಮ್ಮ, ಸಾರಿನ ಸೌಟು ಹಿಡಿದೇ, "ಮೊನ್ನೆ ನಮ್ಮ ಕೋಳಿ ಒಂದು ಅದರ ಮೇಲೆ ಹತ್ತಿ ಕೂತಿತ್ತು. ಅದು ಯಾರನ್ನ ಕೇಳ್ತಂತೆ?"

ನಿಂಗಪ್ಪ ನಗು ತಡೆದುಕೊಂಡ. ಭೂತಪ್ಪ ಕೈ ತೊಳೆದು ಎದ್ದ. ಹೂವಮ್ಮ ಸೊಸೆಯನ್ನು ಗದರಿದಳು. "ಹಂಗನ್ಬಾರ್ದು ಕಣೆ. ಒಡೇರು ಕೂತಿದ್ದ ಜಾಗ. ನಾನೂ ಅಲ್ಲಿ ಕೂರಲ್ಲ. ನಿಂಗ, ಕೆಳಗೆ ಗೋಣಿ ಹಾಸು, ಕಾಲ್ಬುಡದಲ್ಲಿ ಕೂರ್ತೀನಿ."

"ಮುರಿದ ಸೊಂಟ ಇಟ್ಕಂಡು ಕಾಲ್ಬುಡದಲ್ಲಿ ಕೂರ್ತೀಯಾ? ಇಪ್ಪತ್ತು ಮೈಲಿ ದಾಟೋದ್ರೊಳಗೇ ಎರಡು ತುಂಡಾಗ್ತೀ."

"ಹಂಗಾರೆ ನಿಮ್ಮಪ್ಪ ಕೇಳ್ಕಂಡು ಬರ್ಲಿ."

ಕೇಳಿಕೊಂಡು ಬರುವುದು ಸುಲಭವಿರಲಿಲ್ಲ. ಒಡೆಯರ ಎದುರಿಗೆ ಬರಿಗೈಯಲ್ಲಿ ನಿಲ್ಲುವಂತಿಲ್ಲ. ಊರಿನಲ್ಲಿದ್ದಾಗ ಪ್ರತಿ ವರ್ಷ ಆಲೆಮನೆಯ ಮೊದಲ ಪಾಕದ ಜೋನಿ ಬೆಲ್ಲ ಹೆಗಡೆಯವರ ಮನೆಗೆ ಹೋಗಬೇಕಿತ್ತು. ಅದು ಹೋಗದೆ ಭೂತಪ್ಪನ ಮನೆಯಲ್ಲಿ ಯಾರೂ ಬೆರಳು ನೆಕ್ಕುತ್ತಿರಲಿಲ್ಲ. ಮೂರು ವರ್ಷದ ಮೇಲೆ ಮೊದಲ ಬಾರಿ ಹೋಗುವಾಗ ಅಂಗಡಿಯ ಬಾಳೆಹಣ್ಣು ಹಿಡಿದು ಹೋಗುವುದೇ? ಈಗ ಅವನಿಗೆ ಕಬ್ಬು ಇಲ್ಲ, ಆಲೆಮನೆ ಇಲ್ಲ. ಪಕ್ಕದೂರಿನ ಕೆರಿಯಪ್ಪನ ಆಲೆಮನೆ ಮುಂದಿನ ವಾರ ಶುರುವಾಗುವುದಿತ್ತು. ಅಲ್ಲಿ ಒಲೆಗೆ ಬೆಂಕಿ ಹಾಕುವ ಕೆಲಸಕ್ಕೆ ಒಪ್ಪಿಕೊಂಡ, ಕೂಲಿಯ ಬದಲು ಒಂದು ಡಬ್ಬಿ ಜೋನಿ ಬೆಲ್ಲ.

"ಹತ್ತು ದಿನ ಆಗ್ತದಲ್ಲ ಅಪ್ಪ," ಎಂದ ನಿಂಗಪ್ಪ.

"ಆಗ್ಲಿ. ಮಗು ಎಲ್ಲಿಗೂ ಓಡಿಹೋಗಲ್ಲ."

ಹೂವಮ್ಮ ಕಾಯುತ್ತಾ ಗಂಟು ಕಟ್ಟತೊಡಗಿದಳು. ತನ್ನ ಹಳೆಯ ಸೀರೆಗಳನ್ನು ಹರಿದು ಮಗುವಿಗೆ ಬಟ್ಟೆ ಮಾಡಿದಳು. ಜಗಲಿಯಲ್ಲಿ ಕೂತೇ ಬೆಳ್ಳಮ್ಮನಿಗೆ ಹೇಳಿಕೊಟ್ಟು ಮೆಂತ್ಯ ಹುರಿಸಿದಳು, ಶುಂಠಿ ಕುಟ್ಟಿಸಿದಳು, ಬಾಣಂತಿಯ ಲೇಹ ಕಾಸಿಸಿದಳು. ಲೇಹ ತಳ ಹತ್ತಿತೆಂದು ಇಬ್ಬರಿಗೂ ಒಂದು ಮಧ್ಯಾಹ್ನ ಪೂರ್ತಿ ಜಗಳವಾಯಿತು.

"ನಿಮ್ಮ ಮಗಳಿಗೆ ನಾನು ಕರಕಲು ತಿನ್ನಸ್ತೀನಾ ಅತ್ತೆ?"

"ತಿರುಗ್ಸು ಅಂದ್ರೆ ನೀ ಬೀದಿ ನೋಡ್ತೀಯಲ್ಲ."

"ಬೀದಿ ನೋಡ್ತಾ ಇರದು ನೀವು, ನಾನಲ್ಲ."

ಅದು ನಿಜವಾಗಿತ್ತು. ಆ ವಾರ ಜಟ್ಟಪ್ಪನ ಬಸ್ಸಿನಲ್ಲಿ ನಿಂಗಪ್ಪ ಹುಲಿಕಲ್ಲಿಗೆ ಮಾತು ಕಳಿಸಿದ್ದ: ಅವ್ವ ಬರುತ್ತಾಳೆ, ಒಡೇರ ಕಾರಲ್ಲಿ.

ಭೂತಪ್ಪ ಕೆರಿಯಪ್ಪನ ಆಲೆಮನೆಯಲ್ಲಿ ನಾಲ್ಕು ದಿನ ಬೆಂಕಿಯೆದುರು ಕೂತ. ನಾಲ್ಕನೆಯ ದಿನ ಡಬ್ಬಿ ಹೊತ್ತು ಮನೆಗೆ ಬಂದಾಗ ಹೂವಮ್ಮ ಜಗಲಿಯಲ್ಲಿರಲಿಲ್ಲ. ಜ್ವರ ಬಂದಿತ್ತು, ಒಳಗೆ ಮಲಗಿದ್ದಳು. ಆಮೇಲೆ ಜ್ವರ ಇಳಿಯಿತು. ಆದರೆ ಕೂರಿಸಲು ಹೋದರೆ ಸೊಂಟ ಹಿಡಿದುಕೊಂಡು ನರಳುತ್ತಿದ್ದಳು. ಸರ್ಕಾರಿ ಆಸ್ಪತ್ರೆಯ ಡಾಕ್ಟರು ಮನೆಗೇ ಬಂದು ನೋಡಿ, ಅಲುಗಾಡಿಸಬೇಡಿ ಎಂದು ಹೇಳಿ ಹೋದರು.

ಭಾನುವಾರ ಅಪ್ಪ ಮಗ ಮೊದಲ ಬಸ್ಸಿಗೆ ಹೊರಟರು. ಹೊಸನಗರದಲ್ಲಿ ಬಸ್ಸು ಬದಲಿಸಿ, ತೀರ್ಥಹಳ್ಳಿಯಲ್ಲಿ ಇಳಿದು, ಮೇಳಿಗೆಗೆ ನಡೆದರು. ಡಬ್ಬಿಯನ್ನು ಭೂತಪ್ಪ ಮಗನಿಗೆ ಕೊಡಲಿಲ್ಲ. ದಾರಿಯುದ್ದಕ್ಕೂ ತಾನೇ ತಲೆಯ ಮೇಲೆ ಹೊತ್ತ.

ಹೆಗಡೆಯವರು ಜಗಲಿಯಲ್ಲಿ ಆರಾಮ ಕುರ್ಚಿಯಲ್ಲಿದ್ದರು. ತುಂಬ ಇಳಿದುಹೋಗಿದ್ದರು. ಕಣ್ಣು ಕಿರಿದು ಮಾಡಿ ನೋಡಿ, "ಯಾರು, ಭೂತಪ್ಪನಾ?" ಎಂದು, ಒಳಗೆ ತಿರುಗಿ ಹೆಂಡತಿಗೆ ಹೇಳಿದರು, "ಭೂತಪ್ಪ ಬೈಂದ ನೋಡೆ, ಆಸರಿಗೆ ಎಂತಾರೂ ಕೊಡು."

ಭೂತಪ್ಪ ಡಬ್ಬಿಯನ್ನು ಮೆಟ್ಟಿಲ ಮೇಲಿಟ್ಟು ಅಂಗಳದಲ್ಲಿ ಕೈಮುಗಿದು ನಿಂತ. "ಜೋನಿ ಬೆಲ್ಲ ಒಡೆಯಾ. ಮೊದಲ್ನೇ ಕೊಪ್ಪರಿಗೇದು."

"ಅಯ್ಯೋ, ನಂಗೆ ಸಕ್ಕರೆ ಕಾಯಿಲೆ ಮಾರಾಯ. ಮುಟ್ಟೋ ಹಾಂಗಿಲ್ಲ."

ಹೆಗಡತಿ ಮಜ್ಜಿಗೆ ತಂದಿಟ್ಟು ಡಬ್ಬಿ ಎತ್ತಿಕೊಂಡರು. "ಇರ್ಲಿ, ಆಳುಗಳ ದೋಸೆಗೆ ಆತು," ಎಂದರು.

ನಿಂಗಪ್ಪ ಆರ್‌.ಸಿ. ಬುಕ್ಕು, ಕಾಗದ ಮುಂದಿಟ್ಟ. ಹೆಗಡೆಯವರು ಓದಲೂ ಇಲ್ಲ, ಎರಡು ಕಡೆ ಸಹಿ ಹಾಕಿದರು. "ಆ ಕಾರು ಇನ್ನೂ ಇದ್ಯಾ! ನೀನು ಆವಾಗ್ಲೇ ಅದನ್ನ ಮಾರಿ ಒಂದು ಜೊತೆ ಎತ್ತು ತಗಂಡಿರ್ತೀಯ ಅಂದ್ಕಂಡಿದ್ದೆ. ಅದನ್ನ ನೆನಸದೇ ಎಷ್ಟು ಕಾಲ ಆತು."

"ಇದೆ ಒಡೆಯಾ. ಹ್ಯಾಂಗಿತ್ತೋ ಹಾಂಗೇ ಇದೆ." ಭೂತಪ್ಪ ಒಂದು ಹೆಜ್ಜೆ ಮುಂದೆ ಬಂದ. "ಇನ್ನೊಂದು ಕೇಳದಿತ್ತು. ನಮ್ಮ ಹೂವಮ್ಮಂಗೆ ಸೊಂಟ ಮುರಿದದೆ. ಮಗಳು ಹುಲಿಕಲ್ಲಲ್ಲಿ ಬಾಣಂತಿ. ಅವಳನ್ನ ಒಂದ್ಸಲ, ಕಾರಲ್ಲಿ... ಒಡೇರು ಒಪ್ಪಿದ್ರೆ."

ಹೆಗಡೆಯವರಿಗೆ ಅರ್ಥವಾಗಲು ತುಸು ಹೊತ್ತಾಯಿತು.

"ಅದನ್ನ ನನ್ನ ಕೇಳೋದೆಂತಕೆ? ನಿನಗೆ ಕೊಟ್ಟ ಮೇಲೆ ನಿನ್ನ ಕಾರಲ್ಲದನಾ?" ಆಮೇಲೆ ಇಬ್ಬರ ಧೂಳುಗಾಲುಗಳ ಕಡೆ ನೋಡಿದರು. "ನೀವು ಬಂದದ್ದು ಹ್ಯಾಂಗೆ? ಬಸ್ಸಲ್ಲಾ? ಮಗನಿಗೆ ಡ್ರೈವಿಂಗ್ ಬತ್ತು. ಕಾರಲ್ಲೇ ಕೂತು ಬರ್ಬಹುದಿತ್ತಲ ಮಾರಾಯ."

ಭೂತಪ್ಪ ಮಜ್ಜಿಗೆಯ ಲೋಟವನ್ನು ತೊಳೆದು ಕವುಚಿಟ್ಟ.

ವಾಪಸು ಬರುವಾಗ ಹೊಸನಗರದಲ್ಲಿ ಒಂದು ತಾಸು ಕಾಯಬೇಕಾಯಿತು. ನಿಂಗಪ್ಪ ಎರಡು ಬನ್ನು ತಂದ. ಭೂತಪ್ಪ ಬನ್ನನ್ನು ಕೈಯಲ್ಲಿ ಹಿಡಿದುಕೊಂಡೇ ಇದ್ದ. ಎದುರಿಗೆ ಹುಲಿಕಲ್ಲಿನ ಬಸ್ಸು ನಿಂತಿತ್ತು, ಜನ ಹತ್ತುತ್ತಿದ್ದರು. ಅಪ್ಪ ಅದನ್ನೇ ನೋಡುತ್ತಿದ್ದದ್ದು ನಿಂಗಪ್ಪನಿಗೆ ಕಂಡಿತು. ಹೇಳಬೇಕೆಂದು ದಾರಿಯುದ್ದಕ್ಕೂ ಕೂಡಿಟ್ಟುಕೊಂಡಿದ್ದ ಮಾತನ್ನು ಅವನು ಹೇಳಲಿಲ್ಲ.

ಮರುದಿನ ನಿಂಗಪ್ಪ ರಜೆ ಹಾಕಿ, ಕ್ಯಾನಿನಲ್ಲಿ ಪೆಟ್ರೋಲು ತಂದ. ದಿಮ್ಮಿ ತೆಗೆದು ಕಾರನ್ನು ಅಂಗಳಕ್ಕೆ ದೂಡಿದರು. ಓಣಿಯ ಹೆಂಗಸರು ಬೇಲಿಗೆ ಬಂದು ನಿಂತರು. ಭೂತಪ್ಪ ತಾನೇ ಬಾಗಿಲು ತೆಗೆದು ಸೀಟಿನ ಮೇಲೆ ಕಂಬಳಿ ಹಾಸಿದ. ಅವನು, ನಿಂಗಪ್ಪ, ಬೆಳ್ಳಮ್ಮ ಮೂವರೂ ಸೇರಿ ಹೂವಮ್ಮನನ್ನು ಚಾಪೆಸಮೇತ ಎತ್ತಿ ತಂದರು.

"ಕೂತ್ಕ," ಎಂದ ಭೂತಪ್ಪ. "ಒಡೇರು ಕೂತ್ಕ ಅಂದಾರೆ."

"ಸೀಟು ಮಾಸ್ತದೆ," ಎಂದಳು ಹೂವಮ್ಮ.

"ಮಾಸ್ಲಿ ಬಿಡೆ. ಮಾಸ್ಲಿ."

ಬಾಗಿಲು ಅಗಲವಾಗಿಯೇ ಇತ್ತು, ಆದರೆ ಕಾರಿನ ಛಾವಣಿ ತಗ್ಗು. ಒಳಗೆ ಹೋಗಬೇಕಾದರೆ ಸೊಂಟ ಬಗ್ಗಲೇಬೇಕು. ಮೊದಲ ಸಲ ಅವಳು ಹಲ್ಲು ಕಚ್ಚಿದಳು. ಎರಡನೆಯ ಸಲ ಕೂಗಿದಳು. ಆ ಕೂಗಿಗೆ ಬೇಲಿಯಲ್ಲಿದ್ದ ಹೆಂಗಸರು ಹಿಂದೆ ಸರಿದರು. ನಿಂಗಪ್ಪ ಇನ್ನೊಂದು ಬಾಗಿಲಿಂದ ಒಳನುಗ್ಗಿ ಅವಳ ಕಂಕುಳಿಗೆ ಕೈಹಾಕಿ ಎಳೆದ. ಮೂರನೆಯ ಸಲ ಅವಳಿಗೆ ಕೂಗುವ ಉಸಿರೂ ಇರಲಿಲ್ಲ.

"ಬ್ಯಾಡ ಬಿಡ್ರೋ," ಎಂದಳು. "ಒಳಗೆ ಮಲಗ್ಸಿ ನನ್ನ."

ಬೆಳ್ಳಮ್ಮ ಅಳುತ್ತಾ ಮಾವನ ಮುಖಕ್ಕೆ ನೇರ ನೋಡಿದಳು. "ಮೊದಲ್ನೇ ಭಾನ್ವಾರ ಇವ್ರು ಕೂರ್ತಿದ್ರು ಮಾವ. ಕಂಬಕ್ಕೆ ಒರಗಿ ಇಡೀ ದಿನ ಕೂತು ಮೆಂತ್ಯ ಆರಿಸ್ತಿದ್ರು."

ಗಂಟನ್ನೂ ಲೇಹದ ಡಬ್ಬಿಯನ್ನೂ ಜಟ್ಟಪ್ಪನ ಬಸ್ಸಿನಲ್ಲಿ ಕಳಿಸಿದರು. "ಹೆಣ್ಣು ಯಾರ ಹಾಂಗದೆ ಅಂತ ಕೇಳ್ಕಂಡು ಬಾ ಮಾರಾಯ," ಎಂದು ಹೂವಮ್ಮ ಮಲಗಿದಲ್ಲಿಂದಲೇ ಹೇಳಿ ಕಳಿಸಿದಳು. ಜಟ್ಟಪ್ಪ ಉತ್ತರ ತಂದ: ಮೂಗು ನಿಮ್ಮದೇ ಅಂತೆ. ಆ ದಿನ ಅವಳು ತನ್ನ ಮೂಗನ್ನು ಎರಡು ಮೂರು ಬಾರಿ ಮುಟ್ಟಿ ನೋಡಿಕೊಂಡದ್ದನ್ನು ಬೆಳ್ಳಮ್ಮ ಕಂಡಳು.

ಶುಕ್ರವಾರ ಬೆಳಗ್ಗೆ ಬೆಳ್ಳಮ್ಮ ಗಂಜಿ ಆರಿಸಿಕೊಂಡು ಹೋದಾಗ ಹೂವಮ್ಮ ಹೋಗಿಬಿಟ್ಟಿದ್ದಳು.

ಹುಲಿಕಲ್ಲಿಗೆ ಆ ಸುದ್ದಿಯನ್ನೂ ಜಟ್ಟಪ್ಪನೇ ಒಯ್ದ. ಹಸಿ ಬಾಣಂತಿ, ನಲವತ್ತು ದಿನ ಹೊಸಿಲು ದಾಟುವಂತಿಲ್ಲ. ದುಗ್ಗಮ್ಮ ಬರಲಿಲ್ಲ, ಅವಳ ಗಂಡ ಬಂದು ಮಣ್ಣು ಹಾಕಿ ಹೋದ.

ಹನ್ನೊಂದನೆಯ ದಿನದ ಕಾರ್ಯ ಮುಗಿಯಿತು. ಅಷ್ಟು ದಿನವೂ ಭೂತಪ್ಪ ಕಾರು ಒರೆಸಲಿಲ್ಲ. ಅದು ಅಂಗಳದಲ್ಲೇ ನಿಂತಿತ್ತು, ಸೀಟಿನ ಮೇಲೆ ಕಂಬಳಿ ಹಾಗೆಯೇ ಇತ್ತು. ಕೋಳಿಗಳು ಹತ್ತಿ ಇಳಿದವು.

ಶೆಟ್ಟರು ಹೇಳಿದ ಮಾತಿಗೆ ಸರಿಯಾಗಿ ತಿಂಗಳು ಬಿಟ್ಟು ಬಂದರು. ವಿಷಯ ತಿಳಿದು ಜಗಲಿಯಲ್ಲಿ ಕೂತರು, ಕಾಫಿ ಬೇಡವೆಂದರು. ವ್ಯವಹಾರ ನಿಂಗಪ್ಪನೊಂದಿಗೆ ಮುಗಿಯಿತು. ಹೊರಡುವಾಗ ಕೇಳಿದರು, "ಹುಲಿಕಲ್ ಘಟ್ಟದಲ್ಲಿಯೇ ನಾನು ಇಳಿಯುದು. ಮಗಳ ಮನೆ ಅಲ್ಲಿಯೇ ಅಲ್ವಾ? ಬನ್ನಿ ಭೂತಪ್ಪ, ಬಿಟ್ಟು ಹೋಗ್ತೇನೆ."

ಭೂತಪ್ಪ ಮಗನ ಕಡೆ ನೋಡಿದ. "ಹೋಗಿ ಬಾ ಅಪ್ಪ," ಎಂದ ನಿಂಗಪ್ಪ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ, ಬೇರೆ ಏನೂ ಇರಲಿಲ್ಲ.

ಭೂತಪ್ಪ ಬಾಗಿಲ ಬಳಿ ಬಂದು ನಿಂತ. "ಒಂದು ಗೋಣಿ ಇದ್ರೆ..."

"ಗೋಣಿ ಎಂತಕ್ಕೆ? ಈಗ ಇದು ನನ್ನ ಕಾರು. ನಾನು ಹೇಳುದು, ಕೂತ್ಕೊಳ್ಳಿ."

ಅವನು ಕೂತ.

ದಾರಿಯಲ್ಲಿ ಶೆಟ್ಟರು ಇಂಜಿನ್ನಿನ ಬಗ್ಗೆ, ಗೇರಿನ ಬಗ್ಗೆ ಹೇಳುತ್ತಲೇ ಇದ್ದರು. ಹೊಸನಗರ ದಾಟಿತು, ನಗರದ ಪೇಟೆ ದಾಟಿತು. ಕಾಡು ಎರಡೂ ಕಡೆಯಿಂದ ರಸ್ತೆಗೆ ಬಾಗಿತು. ಭೂತಪ್ಪ ಎರಡು ಕೈಗಳನ್ನೂ ಮಂಡಿಯ ಮೇಲಿಟ್ಟುಕೊಂಡು ಕೂತಿದ್ದ. ಒಂದು ದೊಡ್ಡ ಹೊಂಡ ಬಂದಾಗ ಮೈ ಬಿಗಿ ಹಿಡಿದ. ಕಾರು ಅದರೊಳಗೆ ಇಳಿದು ಮೆಲ್ಲಗೆ ಏರಿತು. ಆಮೇಲೆ ಬಂದ ಪ್ರತಿ ಹೊಂಡಕ್ಕೂ ಅವನು ಹಾಗೆಯೇ ಬಿಗಿ ಹಿಡಿದ, ಪ್ರತಿ ಸಲವೂ ಏನೂ ಆಗಲಿಲ್ಲ.

ಹುಲಿಕಲ್ಲಿನಲ್ಲಿ ಅವನನ್ನು ಇಳಿಸಿ ಕಾರು ಘಟ್ಟದ ತಿರುವಿನಲ್ಲಿ ಮರೆಯಾಯಿತು. ಸದ್ದಿಗೆ ದುಗ್ಗಮ್ಮ ಬಾಗಿಲಿಗೆ ಬಂದಿದ್ದಳು. ತಲೆಗೆ ಬಟ್ಟೆ ಬಿಗಿದು, ಮಗುವನ್ನು ಎದೆಗೆ ಒತ್ತಿಕೊಂಡು, ಹೊಸಿಲ ಒಳಗೇ ನಿಂತಿದ್ದಳು. ಅಪ್ಪನಿಗೆ ಕಾಲಿಗೆ ನೀರು ತೆಗೆದುಕೋ ಎಂದು ಕಣ್ಣಲ್ಲೇ ಹಂಡೆ ತೋರಿಸಿದಳು. ಅವನು ಕಾಲು ತೊಳೆದು ಜಗಲಿಯ ತುದಿಯಲ್ಲಿ ಕೂತ. ಮಗುವಿನ ಮುಖ ನೋಡಲು ಕತ್ತು ಚಾಚಿದ. ಅವಳು ಸೆರಗು ಸರಿಸಲಿಲ್ಲ.

"ಅವ್ವ ಕಾರಲ್ಲಿ ಬರ್ತಾಳೆ ಅಂತ ಹೇಳಿ ಕಳ್ಸಿದ್ರಿ," ಎಂದಳು. "ಒಂದು ವಾರ ರಸ್ತೆಗೆ ಕಿವಿ ಕೊಟ್ಟು ಮಲಗಿದ್ದೆ. ಲಾರಿ ಬಂದ್ರೂ ಏಳ್ತಿದ್ದೆ."

ಭೂತಪ್ಪ ಒದ್ದೆ ಕಾಲನ್ನು ಪಂಚೆಯ ತುದಿಯಿಂದ ಒರೆಸಿಕೊಂಡ.

"ಈಗ ಬಂತು ಕಾರು. ನೀ ಕೂತು ಬಂದ್ಯಲ್ಲ." ಅವಳು ಮಗುವಿನ ಮೇಲೆ ಸೆರಗನ್ನು ಇನ್ನಷ್ಟು ಎಳೆದುಕೊಂಡಳು. "ಹೇಳಪ್ಪ, ಹ್ಯಾಂಗಿತ್ತು ಒಡೇರ ಸೀಟು?"

ಅವನು ಕಾರು ಮರೆಯಾದ ತಿರುವಿನ ಕಡೆ ನೋಡಿದ. ಅವಳು ಒಳಗೆ ತಿರುಗಿದಾಗ ಅವನ ದನಿ ಕೇಳಿತು.

"ಮೆತ್ತಗಿತ್ತು ಮಗಾ. ದಾರೀಲಿ ಒಂದು ಕಡೇನೂ ಎತ್ತಿ ಹಾಕಲಿಲ್ಲ. ನಿಮ್ಮವ್ವಂಗೆ ಒಂಚೂರೂ ನೋಯ್ತಿರಲಿಲ್ಲ."